ಸ್ಪ್ಯಾನರ್ ಅಕ್ಕನ ಚೀಲ

"ಹಿಡಿಯೋದು ನಮ್ಮ ಕೆಲಸ, ಇಲ್ಲ ಅನ್ನಲ್ಲ. ಆದ್ರೆ ಹಿಡಿದ ಮೇಲೆ ಎಷ್ಟು ಬುದ್ಧಿ ಹೇಳಿದ್ರೂ ಆ ಮಕ್ಕಳ ಕಿವಿಗೆ ಬೀಳಲ್ಲ. ಅದಕ್ಕೆ ಮುಂಚೆ ಪಕ್ಕದಲ್ಲಿ ಕೂತು ಒಂದಿಷ್ಟು ಕೈ ಕೊಳೆ ಮಾಡ್ಕೊಂಡ್ರೆ, ನಾಳೆ ದಾರೀಲಿ ನನ್ನ ಕಂಡು ಓಡಲ್ಲ, ನಿಂತು ಮಾತಾಡ್ತಾರೆ. ಠಾಣೇಲಿ ನಗ್ತಾರೆ, 'ಏನಮ್ಮ, ಪಂಕ್ಚರ್ ಅಂಗಡಿ ಇಟ್ಟೆಯಾ' ಅಂತ. ನಗ್ಲಿ ಬಿಡಿ."

ಹೀಗೆನ್ನುತ್ತಿದ್ದವಳು ನಮ್ಮ ಬಡಾವಣೆಯ ಠಾಣೆಯ ಹೆಡ್ ಕಾನ್‌ಸ್ಟೇಬಲ್. ಠಾಣೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ವಾರಸುದಾರರಿಲ್ಲದ ಸೈಕಲ್ಲುಗಳು ತುಕ್ಕು ಹಿಡಿಯುತ್ತಿದ್ದವು. ಶಾಲೆ ಬಿಟ್ಟು ಬೀದಿ ಅಲೆಯುವ ಮಕ್ಕಳನ್ನು ಸಂಜೆ ಕರೆದು ಅವನ್ನು ರಿಪೇರಿ ಮಾಡಿಸುತ್ತಿದ್ದಳು. ಮಕ್ಕಳು ಅವಳನ್ನು ಸ್ಪ್ಯಾನರ್ ಅಕ್ಕ ಎಂದೇ ಕರೆಯುತ್ತಿದ್ದರು.

ಎಡವಟ್ಟಾದದ್ದು ಸೋಮವಾರ. ಹೊರಡುವ ಹೊತ್ತಿಗೆ ಒಂದು ಸ್ಪ್ಯಾನರ್ ಕಾಣಲಿಲ್ಲ. ಠಾಣೆಯಲ್ಲಿ ಪಳಗಿದ ನಾಲಿಗೆ, ಯೋಚಿಸುವ ಮೊದಲೇ ಅಂದುಬಿಟ್ಟಿತು: "ಯಾರೂ ಹೊರಗೆ ಹೋಗ್ಬೇಡಿ. ಚೀಲ ತೋರ್ಸಿ."

ಒಬ್ಬೊಬ್ಬರೇ ತೋರಿಸಿದರು. ಅವರು ಹೋದ ಮೇಲೆ ನೋಡಿದರೆ ಸ್ಪ್ಯಾನರ್ ಅವಳ ಚೀಲದಲ್ಲೇ, ಊಟದ ಡಬ್ಬಿಯ ಅಡಿಯಲ್ಲಿ!

ಮರುದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಸಬ್ ಇನ್‌ಸ್ಪೆಕ್ಟರಿಗೆ ಸುದ್ದಿ ಮುಟ್ಟಿತು. "ಪೊಲೀಸ್ ಅಂದ್ರೆ ಒಂಚೂರು ಭಯ ಇರ್ಬೇಕು ರೀ. ನಾನು ಆಗ್ಲೇ ಹೇಳಿರ್ಲಿಲ್ವಾ? ನಾಳೆ ಸಂಜೆ ಬರ್ತೀನಿ. ಶೆಡ್ ಖಾಲಿ ಇದ್ರೆ ಸೈಕಲ್ಲೆಲ್ಲ ಹರಾಜಿಗೆ."

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆಗೆ ನಡೆದದ್ದೆಲ್ಲ ಹೇಳಿದಳು. ಅತ್ತೆ ಕೇಳಿದರು: "ತಪ್ಪಾಯ್ತು ಅಂದ್ಯಾ?"

"ಪೊಲೀಸರು ಹಾಗೆಲ್ಲ ಅನ್ನಲ್ಲ ಅತ್ತೆ."

"ಆ ಮಕ್ಕಳು ನಿನ್ನನ್ನ ಅಕ್ಕ ಅಂತಲ್ವೇನೆ ಕರೆಯೋದು?"

ಮರುದಿನ ಮಧ್ಯಾಹ್ನ ಮಕ್ಕಳು ಕೂರುವ ಮೋಟುಗೋಡೆಯ ಹತ್ತಿರ ಹೋದಳು. "ಸ್ಪ್ಯಾನರ್ ನನ್ನ ಚೀಲದಲ್ಲೇ ಇತ್ತು. ತಪ್ಪು ನಂದು" ಎಂದಳು. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದಳು.

ಸಂಜೆ ಸಬ್ ಇನ್‌ಸ್ಪೆಕ್ಟರ್ ಶೆಡ್ಡಿನ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಅವಳು ಬಾಗಿಲತ್ತ ನೋಡುತ್ತಿದ್ದಳು. ಎಲ್ಲ ದಾರಿಹೋಕರೇ. ಕಡೆಗೆ ಗುಂಪಿನ ಬಾಯಿಬಡುಕಿ ಹುಡುಗಿ ಬಂದು ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಕ್ಕ, ಮೊದಲು ನಿಮ್ಮ ಚೀಲ ತೋರ್ಸಿ."

ಸಬ್ ಇನ್‌ಸ್ಪೆಕ್ಟರರ ಮುಖ ಕೆಂಪಾಯಿತು. ಸ್ಪ್ಯಾನರ್ ಅಕ್ಕ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಡಬ್ಬಿ, ಬಾಚಣಿಗೆ, ತಲೆನೋವಿನ ಮುಲಾಮು, ಪುಡಿಯಾದ ಬಿಸ್ಕತ್ತು.

"ಅಯ್ಯೋ, ಈ ಬಿಸ್ಕತ್ತಿಗೆ ನನ್ನಷ್ಟೇ ವಯಸ್ಸಾಗಿದೆ!"

ಗೋಡೆಯಾಚೆ ಕಿಸಕ್ಕೆಂದು ನಗು. ಇನ್ನಿಬ್ಬರು ಒಳಗೆ ಬಂದರು. ಉಳಿದವರು ಬರಲಿಲ್ಲ.

"ಮೂರೇ ಜನ" ಎಂದರು ಸಬ್ ಇನ್‌ಸ್ಪೆಕ್ಟರ್. "ಇನ್ನೊಂದು ವಾರ ನೋಡ್ತೀನಿ."

ಎಲ್ಲರೂ ಹೋದ ಮೇಲೆ ಅವಳು ಸ್ಪ್ಯಾನರುಗಳನ್ನು ಎಣಿಸಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡಳು. ಬಾಗಿಲ ಬಳಿಯ ನಲ್ಲಿ ತಿರುಗಿಸಿ, ಊಟದ ಡಬ್ಬಿ ತೊಳೆಯತೊಡಗಿದಳು.