ಹನ್ನೊಂದು ಜನರ ಸಾಂತ್ವನ

ಠಾಣೆಯಿಂದ ವಾಶಿಗೆ ನೇರ ರೈಲು ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ನಮ್ಮ ಕನ್ನಡ ಸಂಘದಲ್ಲಿ ಆಗ ಒಂದು ಉಪಸಮಿತಿ ಹುಟ್ಟಿತು. ಪೂರ್ಣ ನಾಮಧೇಯ ‘ಅಪರಾಧ ಹಾಗೂ ಆಪತ್ತು ಸಂತ್ರಸ್ತರ ಸಾಂತ್ವನ ಉಪಸಮಿತಿ’. ನಾಮಕರಣ ಮಾಡಿದ ಪಾಪ ನನ್ನದೇ. ಇಷ್ಟು ಉದ್ದದ ಹೆಸರು ದುಂಡು ಮೊಹರಿನಲ್ಲಿ ಹಿಡಿಯುವುದಿಲ್ಲ ಎಂದು ರಬ್ಬರ್ ಸ್ಟ್ಯಾಂಪಿನವನು ಗೋಗರೆದ. ನಾವು ಜಗ್ಗಲಿಲ್ಲ. ಕೊನೆಗೆ ಮೊಹರು ಚೌಕವಾಗಿ, ಮೂರು ಸಾಲಿನಲ್ಲಿ, ಸಣ್ಣ ಶಿಲಾಶಾಸನದ ಹಾಗೆ ಬಂತು.

ಉದ್ದೇಶ ತಮಾಷೆಯದಾಗಿರಲಿಲ್ಲ. ಹಿಂದಿನ ವರ್ಷ ಡೊಂಬಿವ್ಲಿಯ ನಮ್ಮ ಸದಸ್ಯರೊಬ್ಬರು ಲೋಕಲ್ ಗಾಡಿಯಿಂದ ಬಿದ್ದು ತೀರಿಹೋದಾಗ, ಅವರ ಹೆಂಡತಿ ಆಸ್ಪತ್ರೆಗೂ ರೈಲ್ವೆ ಪೊಲೀಸರ ಹತ್ತಿರಕ್ಕೂ ಎರಡು ದಿನ ಒಬ್ಬರೇ ಓಡಾಡಿದ್ದರು. ಮರಾಠಿಯಲ್ಲಿ ಒಂದು ಅರ್ಜಿ ಬರೆದುಕೊಡಲು ನಮ್ಮಲ್ಲಿ ಒಬ್ಬನೂ ಹೋಗಿರಲಿಲ್ಲ. ಹೋಗಬೇಕೆಂದು ಹೊಳೆದೂ ಇರಲಿಲ್ಲ. ಆ ನಾಚಿಕೆಯಿಂದ ಹುಟ್ಟಿದ ಉಪಸಮಿತಿ ಇದು. ಹನ್ನೊಂದು ಜನ. ಅಧ್ಯಕ್ಷರು ಧಾರವಾಡದ ಕಡೆಯವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಕಾರ್ಯದರ್ಶಿ ನಾನು.

ಮೊದಲ ಕೇಸು ತಂದವರು ನಮ್ಮ ಏಕೈಕ ಮಹಿಳಾ ಸದಸ್ಯೆ. ಉಡುಪಿಯವರು, ವಾಶಿಯಲ್ಲಿ ಅವರ ಯಜಮಾನರ ಹೋಟೆಲು. ನಮಗೆಲ್ಲ ಅವರು ‘ಅಕ್ಕ’. ಆ ಹೋಟೆಲಿನ ಮ್ಯಾನೇಜರರ ಮನೆ ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿಗೆ ಅಂಟಿಕೊಂಡ ಹಾಗೇ. ಹೆಂಡತಿ ಕಲ್ಯಾಣದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ನನ್ನ ಮಗಳ ವಯಸ್ಸಿನವಳಾದ್ದರಿಂದ ಏಕವಚನದಲ್ಲೇ ಬರೆಯುತ್ತೇನೆ. ಆಕೆ ಬೀಗ ಹಾಕಿ ಕೆಳಗೆ ಕೊತ್ತಂಬರಿ ಸೊಪ್ಪು ತರಲು ಹೋಗಿದ್ದ ಹೊತ್ತಿನಲ್ಲಿ, ಹಾಡಹಗಲೇ ಕಳ್ಳರು ನುಗ್ಗಿ ಬಳೆ, ಸರ, ಬೆಳ್ಳಿ ದೀಪಗಳನ್ನು ಒಯ್ದಿದ್ದರು.

“ಬಂಗಾರ ಹೋದದ್ದು ಅವಳಿಗೆ ಅಷ್ಟು ಇಲ್ಲ,” ಎಂದರು ಅಕ್ಕ. “ಅವ್ರು ಫ್ರಿಜ್ಜಿಂದ ಮಜ್ಜಿಗೆ ತೆಗೆದು ಕುಡ್ದು, ಲೋಟ ತೊಳೆದು ಕವುಚಿ ಹಾಕಿ ಹೋಗಿದ್ದಾರೆ. ಅದೇ ಅವಳ ತಲೆಯಲ್ಲಿ ಕೂತಿದೆ. ಹನ್ನೊಂದು ದಿನ ಆಯ್ತು, ಹೊಸ್ತಿಲು ದಾಟ್ಲಿಲ್ಲ. ಬೀಗ ಹಾಕಿದ್ರೆ ಒಳಗೆ ಯಾರೂ ಇಲ್ಲಾಂತ ಬೋರ್ಡು ಹಾಕಿದ ಹಾಗೆ ಅಂತಾಳೆ. ಸೋಮವಾರ ಬರದಿದ್ರೆ ಬೇರೆಯವ್ರನ್ನ ತಕೊಳ್ತೇವೆ ಅಂತ ಲ್ಯಾಬಿನವ್ರು ಹೇಳಿ ಆಗಿದೆ.”

ಅಂದು ಗುರುವಾರ. ಶನಿವಾರ ಸಂಜೆ ಹೋಗುವುದೆಂದು ತೀರ್ಮಾನವಾಯಿತು. ಹೇಗೆ ಹೋಗುವುದು ಎಂಬುದೇ ಗಹನವಾದ ಪ್ರಶ್ನೆ. ಮದುವೆ ಮನೆಗೆ ಹೇಗೆ ಹೋಗಬೇಕೆಂದು ಗೊತ್ತು, ಬಾಣಂತಿ ನೋಡಲು ಹೇಗೆಂದು ಗೊತ್ತು, ಸಾವಿನ ಮನೆಗೆ ಹೇಗೆಂದೂ ಗೊತ್ತು. ಕಳುವಾದ ಮನೆಗೆ ಹೋಗುವ ಕ್ರಮವನ್ನು ನಮ್ಮ ಹಿರಿಯರು ಯಾರೂ ಹೇಳಿಕೊಟ್ಟು ಹೋಗಿಲ್ಲ.

“ಬರಿಗೈಯಲ್ಲಿ ಹೇಗೆ ಹೋಗುದು? ಹಣ್ಣು ತಕೊಳ್ಳುವ,” ಎಂದರು ಅಕ್ಕ.

“ಹಣ್ಣು ದವಾಖಾನಿಗ್ರೀ,” ಎಂದರು ಅಧ್ಯಕ್ಷರು.

“ಹಾಗಾದ್ರೆ ಮೈಸೂರು ಪಾಕ್?”

“ಅಕ್ಕಾರ, ತುಡುಗು ಆದ ಮನಿಗೆ ಮೈಸೂರು ಪಾಕ್ ಒಯ್ದ್ರ ಕಳ್ಳರಿಗೆ ಅಭಿನಂದನಾ ಹೇಳಿದಂಗ ಆಕ್ಕೇತಿ!”

ಒಂದೂವರೆ ತಾಸಿನ ಚರ್ಚೆಯ ನಂತರ ಅಧ್ಯಕ್ಷರು ತೀರ್ಪು ಕೊಟ್ಟರು. “ನೋಡ್ರಿ, ಹೋದದ್ದು ಹೋದಂಗ. ಮನಶ್ಯಾ ಹೋದ್ರೂ ಅಷ್ಟ, ಬಂಗಾರ ಹೋದ್ರೂ ಅಷ್ಟ. ದುಃಖಕ್ಕ ಎರಡೆರಡು ಪದ್ಧತಿ ಇರಂಗಿಲ್ಲ.”

ಹೀಗೆ ಕಳುವಿಗೆ ಸಾವಿನ ಕ್ರಮವನ್ನೇ ಅನ್ವಯಿಸುವುದೆಂದು ಸರ್ವಾನುಮತದಿಂದ ಠರಾವಾಯಿತು. ಮುಂಚಿತವಾಗಿ ತಿಳಿಸಕೂಡದು. ಬಿಳಿ ಬಟ್ಟೆ ಉಡತಕ್ಕದ್ದು. ಕಾಫಿ ಕೊಟ್ಟರೂ ಕುಡಿಯಕೂಡದು. ಮೊದಲು ಮೂರು ನಿಮಿಷ ಮೌನ, ಆಮೇಲೆ ಮಾತು. ಹೊರಡುವಾಗ ‘ಬರ್ತೇವೆ’ ಎನ್ನದೆ ಎದ್ದು ಬರತಕ್ಕದ್ದು. ನಾನು ಇದನ್ನೆಲ್ಲ ನಡಾವಳಿ ಪುಸ್ತಕದಲ್ಲಿ ಬರೆದು ಮೊಹರು ಒತ್ತಿದೆ. ಈಗ ಓದಿದರೂ ಭಾಷೆ ಚೆನ್ನಾಗಿದೆ.

ಶನಿವಾರ ಸಂಜೆ ಐದೂವರೆಗೆ ಹತ್ತು ಜನ ಬಿಳಿ ಅಂಗಿಯವರೂ ಬಿಳಿ ಸೀರೆಯ ಅಕ್ಕನೂ ತಲೆ ತಗ್ಗಿಸಿ, ಒಬ್ಬರ ಹಿಂದೆ ಒಬ್ಬರು, ಕೋಪರಿಯ ಆ ಕಟ್ಟಡದ ಮೆಟ್ಟಿಲು ಹತ್ತಿದೆವು. ಕೆಳಗೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದ. ಎಂಥ ಸಂಸ್ಕಾರವಂತ ಎಂದುಕೊಂಡೆ. ಎರಡನೆಯ ಮಹಡಿಯಲ್ಲಿ ಎದುರು ಮನೆಯ ಮರಾಠಿ ಹೆಂಗಸು, ಕಟ್ಟಡಕ್ಕೆಲ್ಲ ‘ಕಾಕು’, ಅಂದರೆ ಚಿಕ್ಕಮ್ಮ, ಬಾಗಿಲು ಸಂದಿಯಿಂದ ನೋಡಿ, “ಅಗಂ ಬಾಯಿ!” ಎಂದು ಬಾಯಿಗೆ ಸೆರಗು ಒತ್ತಿಕೊಂಡರು. ಅದನ್ನೂ ಸೌಜನ್ಯದ ಲೆಕ್ಕಕ್ಕೇ ಹಾಕಿಕೊಂಡೆ.

ಆಕೆ ಬಾಗಿಲ ಕಿಂಡಿಯಿಂದ ನೋಡಿ ಮೂರು ಚಿಲಕ ತೆಗೆದಳು. ಎದುರಿಗೆ ನಿಂತದ್ದು ಗಂಡನ ಧಣಿಗಳ ಹೆಂಡತಿ. ಮಲ್ಲಿಗೆ ಇಲ್ಲದ ಅಕ್ಕನ ತಲೆಯನ್ನು ನಾವಾರೂ ಅಲ್ಲಿಯತನಕ ಕಂಡಿರಲಿಲ್ಲ, ಅವತ್ತು ಹೂವಿರಲಿಲ್ಲ. ಅವರ ಹಿಂದೆ, ದಸರಾ ಕಾರ್ಯಕ್ರಮದಲ್ಲಿ ಮಾತ್ರ ಕಾಣುವ ಸಂಘದ ಗಂಡಸರು, ನೆಲ ನೋಡುತ್ತ.

“ಅಕ್ಕಾ, ಎಂತ ಆಯ್ತು?”

ಅಕ್ಕ ಬಾಯಿ ತೆರೆದರು. ಅಧ್ಯಕ್ಷರು ಅಷ್ಟರಲ್ಲಿ ಒಳಗೆ ಬಂದು ಕೂತು ಗಡಿಯಾರ ನೋಡಿದ್ದರು. ಗಾರ್ಡ್ ಆಗಿದ್ದವರು ಗಡಿಯಾರ ನೋಡಿದರೆಂದರೆ ನಡುವೆ ಮಾತಿಲ್ಲ. ಅಕ್ಕ ಬಾಯಿ ಮುಚ್ಚಿ, ಅವಳ ಹೆಗಲ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದರು.

“ಅವ್ರಿಗೆ ಎಂತ ಆಯ್ತು? ಹೋಟೆಲಲ್ಲಿ ಎಂತ ಆಯ್ತು? ಹೇಳಿ ಅಕ್ಕಾ!”

ಮೌನ. ಆಕೆ ಫೋನಿಗೆ ಓಡಿ ಗಂಡನ ಮೊಬೈಲಿಗೆ ಮಾಡಿದಳು. ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ. ಏನೋ ಎಡವಟ್ಟಾಗಿದೆ ಎಂದು ನನಗೆ ಹೊಳೆದು ಬಾಯಿ ತೆಗೆಯುವಷ್ಟರಲ್ಲಿ ಅಧ್ಯಕ್ಷರು ಒಂದು ಬೆರಳೆತ್ತಿದರು: ಇನ್ನೂ ಒಂದು ನಿಮಿಷ. ನಾನು ಕಾರ್ಯದರ್ಶಿ, ನಿಯಮ ಬರೆದವನು. ಸುಮ್ಮನಾದೆ. ಆ ಒಂದು ನಿಮಿಷಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟಿದೆ.

ಅವಧಿ ಮುಗಿಸಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ತಂಗೀ, ಆಗಬಾರದಿತ್ತು, ಆಗಿ ಹೋತು. ಹೋದದ್ದು ತಿರಗಿ ಬರಂಗಿಲ್ಲ. ಇನ್ನ ಧೈರ್ಯಾ ತಗೊಂಡು…”

ಆಕೆ ಕೇಳಲು ನಿಂತಿರಲಿಲ್ಲ. ಹದಿಮೂರು ದಿನ ದಾಟದ ಹೊಸ್ತಿಲನ್ನು ಬರಿಗಾಲಲ್ಲಿ ಒಂದೇ ನೆಗೆತಕ್ಕೆ ದಾಟಿ, ಕಾಕುವನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲಿಳಿದು ಮಾಯವಾದಳು.

“ಏ ಹಿಡ್ರೀ ಅಕೀನ್ನ! ಸೆಕ್ರೆಟ್ರಿ, ಓಡ್ರೀ!” ಎಂದು ಅಧ್ಯಕ್ಷರು ನನಗೆ ಕೂಗಿದರು.

ಐವತ್ತೆಂಟರ ವಯಸ್ಸಿನಲ್ಲಿ, ಬಿಳಿ ಪಂಚೆ ಎತ್ತಿ ಕಟ್ಟಿ, ಕೋಪರಿಯ ಬೀದಿಯಲ್ಲಿ ನಾನು ಓಡಿದೆ. ತರಕಾರಿಯವರು ದಾರಿ ಬಿಟ್ಟರು. ಆಕೆ ಸ್ಟೇಷನ್ನಿನ ಸೇತುವೆ ಹತ್ತಿ ವಾಶಿ ಗಾಡಿಯ ಪ್ಲಾಟ್‌ಫಾರ್ಮಿಗೆ ಇಳಿಯುತ್ತಿದ್ದಾಗಲೇ ಗಾಡಿ ಬಂದು ನಿಂತಿತು. ಜನ ಸುರಿದರು. ಆ ಜನರ ನಡುವಿನಿಂದ ಮ್ಯಾನೇಜರು ಕೈಯಲ್ಲಿ ಹೂಕೋಸಿನ ಚೀಲ ಹಿಡಿದು ಇಳಿದರು.

ಆಕೆ ಹೋಗಿ ಅವರ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. “ನೀವು ಸತ್ತಿಲ್ವಾ?”

“ಇಲ್ಲ ಮಾರಾಯ್ತಿ,” ಎಂದರು ಅವರು. “ಇದೇ ಗಾಡಿ ಸಿಕ್ಕಿತು.”

“ಫೋನ್ ಯಾಕೆ ತೆಗೀಲಿಲ್ಲ?”

“ಆ ರಶ್ಶಲ್ಲಿ ಕೈ ಕಿಸೆಗೆ ಹೋಗ್ಬೇಕಲ್ಲ! ಹೋದ್ರೂ ಯಾರ ಕಿಸೆಗೆ ಹೋಯ್ತೂಂತ ಗೊತ್ತಾಗ್ಬೇಕಲ್ಲ!”

ಆಕೆ ಅತ್ತಳು; ಅಳು ಅರ್ಧದಲ್ಲಿ ನಗುವಾಯಿತು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ನಾನು ಸಾವಿನ ಕ್ರಮ, ಮೌನ, ಬಿಳಿ ಬಟ್ಟೆ ಎಲ್ಲವನ್ನೂ ನಿವೇದಿಸಿಕೊಂಡೆ. ಇಬ್ಬರೂ ಬೆಂಚಿನ ಮೇಲೆ ಕುಸಿದು ಕೂತು ನಗತೊಡಗಿದರು. ಮುಂದಿನ ಗಾಡಿ ಬಂದು ಹೋದರೂ ನಗು ನಿಲ್ಲಲಿಲ್ಲ. ಆಮೇಲೆ ಆಕೆ ಒಮ್ಮೆಲೇ ಬಿಳಿಚಿಕೊಂಡಳು.

“ಮನೆ! ಬಾಗಿಲು ಹಾಕ್ಲೇ ಇಲ್ಲ!”

“ಒಳಗೆ ಹತ್ತು ಜನ ಕೂತಿದ್ದಾರಮ್ಮ,” ಎಂದೆ.

ಆಕೆ ನನ್ನನ್ನು ನೋಡಿದಳು, ಬರಿಗಾಲನ್ನು ನೋಡಿಕೊಂಡಳು, ಸ್ಟೇಷನ್ನನ್ನು ನೋಡಿದಳು. “ಓ,” ಎಂದಳು, ನಿಧಾನವಾಗಿ.

ಕಟ್ಟಡದ ಕೆಳಗೆ ಅಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು. ಸೊಸೈಟಿಯ ಕಪ್ಪು ಹಲಗೆಯ ಮೇಲೆ ಸೆಕ್ರೆಟರಿ ಸೀಮೆಸುಣ್ಣದಲ್ಲಿ ‘ದುಃಖದ ನಿಧನ’ ಎಂದು ಮರಾಠಿಯಲ್ಲಿ ಬರೆದು, ಕೆಳಗೆ ಮ್ಯಾನೇಜರರ ಹೆಸರು ಬರೆದು, ಫ್ಲ್ಯಾಟ್ ನಂಬರು ತುಂಬುತ್ತಿದ್ದ. ಮ್ಯಾನೇಜರು ಅವನ ಹಿಂದೆ ನಿಂತು ಗಂಭೀರವಾಗಿ ಓದಿದರು.

“ಸೆಕ್ರೆಟರಿ ಸಾಬ್, ಮೇರಾ ದೋ ಸೌ ತೀನ್ ಹೈ. ಆಪ್ನೇ ದೋ ಸೌ ದೋ ಲಿಖಾ.”

“ಸಾರಿ, ಸಾರಿ,” ಎಂದು ಅವನು ಎರಡನ್ನು ಒರೆಸಿ ಮೂರು ಮಾಡಿ, ಆಮೇಲೆ ತಿರುಗಿ ನೋಡಿದ. ಸೀಮೆಸುಣ್ಣ ಕೈಯಿಂದ ಬಿತ್ತು. ಆ ಮನುಷ್ಯ ಅವತ್ತು ಕೂಗಿದ ಹಾಗೆ ಕಳುವಾದ ದಿನ ಕೂಗಿದ್ದರೆ ಕಳ್ಳರು ಸಿಕ್ಕಿರುತ್ತಿದ್ದರು.

ಮೇಲೆ ಬಂದರೆ ಅಧ್ಯಕ್ಷರು ಕುರ್ಚಿಯ ತುದಿಯಲ್ಲಿ ಮುಖ ಕೆಳಗೆ ಹಾಕಿ ಕೂತಿದ್ದರು. ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕಾಫಿ ಮಾಡುತ್ತಿದ್ದರು. ಠರಾವಿನ ಮೂರನೆಯ ಅಂಶ ಅಲ್ಲಿಗೆ ಮುರಿಯಿತು. ಮ್ಯಾನೇಜರರನ್ನು ಕಂಡು ಕಾಕು ಮರಾಠಿಯಲ್ಲಿ ದೇವರನ್ನೂ ನಮ್ಮನ್ನೂ ಒಂದೇ ಉಸಿರಿನಲ್ಲಿ ಬೈದರು.

“ತಪ್ಪಾತು ತಂಗೀ,” ಎಂದರು ಅಧ್ಯಕ್ಷರು. “ಮುದುಕನ ಬುದ್ಧಿ. ಇನ್ನ ಈ ಕಡೆ ಹಾಯಂಗಿಲ್ಲ.”

“ಹಾಗೆ ಹೇಳ್ಬೇಡಿ ಮಾರಾಯ್ರೇ,” ಎಂದಳು ಆಕೆ. “ನಿಮ್ಮ ಸಮಾಧಾನ ಮಾತ್ರ ನಂಗೆ ಬೇಡ. ಸೋಮವಾರ ನಾನು ಕೆಲ್ಸಕ್ಕೆ ಹೋಗ್ವಾಗ ಇಲ್ಲಿ ಸುಮ್ನೆ ಕೂತ್ಕೊಳ್ತೀರಾ? ಚಪ್ಪಲಿ ಹೊರಗೆ ಕಾಣುವ ಹಾಗೆ ಇಡಿ. ಅಷ್ಟೇ ಸಾಕು.”

ನಮ್ಮ ಉಪಸಮಿತಿಯ ಏಕಮಾತ್ರ ಉಪಯುಕ್ತ ಸೇವೆ ಹೀಗೆ ಕಂಡುಹಿಡಿಯಲ್ಪಟ್ಟಿತು. ಕೂರುವುದು. ಸೋಮವಾರ ಬೆಳಿಗ್ಗೆ ಆಕೆ ಕಲ್ಯಾಣದ ಗಾಡಿ ಹತ್ತಿದಳು, ನಾವು ಅವಳ ಮನೆಯಲ್ಲಿ ಕೂತೆವು. ಕೈತುಂಬ ಬಿಡುವಿದ್ದ ನಿವೃತ್ತರಿಗೂ, ರಜೆ ಉಳಿಸಿಕೊಂಡಿದ್ದ ನನ್ನಂಥವರಿಗೂ ದಿನಕ್ಕೆ ಇಬ್ಬರಂತೆ ಪಾಳಿ ಹಾಕಿ, ಕಾರ್ಬನ್ ಪ್ರತಿ ತೆಗೆದು ಹಂಚಿದೆ. ಫ್ಯಾನು ಹಾಕಿ, ಬಾಗಿಲು ಅರ್ಧ ತೆರೆದು, ಚಪ್ಪಲಿ ಸಾಲಾಗಿ ಇಟ್ಟು ಕೂರುತ್ತಿದ್ದೆವು. ಕಡಿಮೆ ಜನ ಎನಿಸಬಾರದೆಂದು ಅಧ್ಯಕ್ಷರು ಮನೆಯಿಂದ ಹಳೆಯ ಚಪ್ಪಲಿ ಮೂರು ಜೊತೆ ಹೆಚ್ಚುವರಿ ತಂದಿಟ್ಟರು.

ಮೊದಲ ವಾರ ಲ್ಯಾಬಿನಿಂದ ದಿನಕ್ಕೆ ನಾಲ್ಕು ಸಲ ಫೋನು ಬರುತ್ತಿತ್ತು. “ಇದ್ದೀರಾ?” “ಇದ್ದೇವಮ್ಮ.” “ಆಯ್ತು.” ಇಷ್ಟೇ ಮಾತು. ಎರಡನೆಯ ವಾರ ಎರಡು ಸಲವಾಯಿತು. ಆಮೇಲೆ ಒಮ್ಮೆ ಫೋನು ಮಾಡಿ, “ಕುಕ್ಕರಲ್ಲಿ ಸಾರಿದೆ, ಊಟ ಮಾಡಿ,” ಎಂದು ಮಾತ್ರ ಹೇಳಿ ಇಟ್ಟಳು. ಇದ್ದೀರಾ ಎಂದು ಕೇಳಲೇ ಇಲ್ಲ. ಅದನ್ನು ನಾನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ನನ್ನ ಪಾಳಿ. ಮೊಸರನ್ನದ ಡಬ್ಬಿ, ಪೇಪರು ಹಿಡಿದು ಮೆಟ್ಟಿಲು ಹತ್ತಿದರೆ ಬಾಗಿಲಿಗೆ ಬೀಗ. ಹೊಸ ಬೀಗ, ಹೊಸ ಕೊಂಡಿ. ಎಳೆದು ನೋಡಿದೆ, ಭದ್ರವಾಗಿತ್ತು. ಏನಾಯಿತೋ ಎಂದು ಎದುರು ಮನೆಯ ಬೆಲ್ಲು ಒತ್ತುವಷ್ಟರಲ್ಲಿ ಕಾಕು ಬಾಗಿಲು ತೆಗೆದು, ಪರೀಕ್ಷೆಯ ಫಲಿತಾಂಶ ಓದುವವರಂತೆ ಸಾರಿದರು: “ಕಾಕಾ, ತೀ ಗೇಲೀ ಕಾಮಾಲಾ! ಕುಲೂಪ್ ಲಾವೂನ್ ಗೇಲೀ!” ಕೆಲಸಕ್ಕೆ ಹೋದಳಂತೆ, ಬೀಗ ಹಾಕಿಕೊಂಡೇ ಹೋದಳಂತೆ.

ತುಂಬಿದ ಡಬ್ಬಿ ಮನೆಗೆ ವಾಪಸು ಒಯ್ದರೆ ಹೆಂಡತಿಗೆ ವಿವರಣೆ ಕೊಡಬೇಕು. ಹತ್ತೂವರೆಗೇ ಅಲ್ಲೇ ಮೆಟ್ಟಿಲ ಮೇಲೆ ಕೂತು, ಆ ಬೀಗ ಕಾಣುವ ಹಾಗೆ, ಮೊಸರನ್ನ ಪೂರ್ತಿ ಉಂಡೆ. ಕಾಕು ಉಪ್ಪಿನಕಾಯಿ ಕೊಟ್ಟರು.

ಸಂಜೆ ಮನೆಗೆ ಫೋನು ಬಂತು.

“ಅಯ್ಯೋ, ನೀವು ಬಂದು ಹೋದ್ರಂತೆ! ನಿಮ್ಗೆ ಹೇಳ್ಲಿಕ್ಕೇ ಮರ್ತುಹೋಯ್ತು ಮಾರಾಯ್ರೇ. ಗಾಡಿಗೆ ಲೇಟಾಗಿತ್ತು, ಬೀಗ ಹಾಕಿ ಓಡಿದ್ದು. ಬೀಗ ಹಾಕಿದ್ದೂಂತ ನಂಗೇ ಗೊತ್ತಾದ್ದು ಡೊಂಬಿವ್ಲಿ ದಾಟಿದ ಮೇಲೆ.”

“ಆಮೇಲೆ?”

“ಆಮೇಲೆ ಎಂತ? ಕೂತ್ಕೊಳ್ಲಿಕ್ಕೆ ಸೀಟು ಸಿಕ್ಕಿತ್ತು, ಕೂತೆ. ಬೇಜಾರಾಯ್ತಾ ನಿಮ್ಗೆ?”

ಉಪಸಮಿತಿಯ ಪರವಾಗಿ ಕ್ಷಮಿಸಲಾಗಿದೆ ಎಂದೆ. ಆಕೆ ನಕ್ಕು, ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟಳು.