ಮಣಿಕಟ್ಟಿಗೆ ಹೊಂದಿಸಿದ ಬಣ್ಣ

ಹಳೆಯ ಪೆನ್‌ಡ್ರೈವ್ ಒಂದನ್ನು ಹುಡುಕುತ್ತಿದ್ದೆ, ಡ್ರಾಯರಿನ ಮೂಲೆಯಲ್ಲಿ ಕಂದು ಬಣ್ಣದ ಮೇಕಪ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹಳಸಿದ ಮೇಣದ ವಾಸನೆ, ಜೊತೆಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು. ಅದರಲ್ಲಿ ಅರ್ಧ ನನ್ನ ಮೇಲೆಯೇ.

ಕೆಲವು ವರ್ಷಗಳ ಹಿಂದೆ ಬ್ರಿಸ್ಬೇನಿನ ನಮ್ಮ ಕನ್ನಡದ ಗುಂಪು ಒಂದು ಕಾದಂಬರಿಯನ್ನು ಕಿರುಚಿತ್ರ ಮಾಡಲು ಹೊರಟಿತ್ತು. ಆಫ್ರಿಕಾ ಮೂಲದ ಕಪ್ಪು ಹೆಣ್ಣೊಬ್ಬಳು ತನ್ನ ಕಥೆಯನ್ನು ತಾನೇ ಹೇಳುವ ಕಾದಂಬರಿ. ಕನ್ನಡದ ಸಂಭಾಷಣೆ ಬರೆದವಳು ನಾನು. ಬರೆಯುತ್ತ ಎಷ್ಟು ಸಲ ಕಣ್ಣೊರೆಸಿಕೊಂಡೆ ಅಂತೀರಿ! ಅಷ್ಟು ದೊಡ್ಡ ಮನಸ್ಸು ನನ್ನದು.

ಗೆಳತಿಯ ಮಗಳು ನಂದಿನಿ ಆಗ ಇಲ್ಲಿನ ಸೇಂಟ್ ಲೂಸಿಯಾ ಬಡಾವಣೆಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಇಲ್ಲೇ ಹುಟ್ಟಿದ ಮಕ್ಕಳಲ್ಲಿ ಕನ್ನಡ ಸ್ಪಷ್ಟವಾಗಿ ಆಡುತ್ತಿದ್ದವಳು ಅವಳೊಬ್ಬಳೇ. ನಾಯಕಿಯ ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನಿರ್ದೇಶಕರಾಗಿದ್ದ ರಮೇಶ್ ಅಂಕಲ್ ಕೇಳಿ ತಲೆದೂಗಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಇವ್ಳು ಸ್ವಲ್ಪ ಡಾರ್ಕ್ ಅಲ್ವೇನಮ್ಮಾ? ಕ್ಯಾಮರಾಗೆ ಚೆನ್ನಾಗಿ ಬರಲ್ಲ. ಶ್ರೇಯಾನ ಹಾಕೋಣ, ಬೆಳ್ಳಗೆ ಲಕ್ಷಣವಾಗಿದಾಳೆ. ಬಣ್ಣ ಬಳಿದ್ರಾಯ್ತು."

ಕಪ್ಪು ಹೆಣ್ಣಿನ ಪಾತ್ರಕ್ಕೆ ಹುಡುಗಿ ಕಪ್ಪಾದಳೆಂದು ಕೈಬಿಟ್ಟ ಜನ ನಾವು! ದೇವರು ಕಪ್ಪಗಿದ್ದರೆ ಶ್ಯಾಮ ಎಂದು ಹಾಡುತ್ತೇವೆ, ಮಗಳು ಕಪ್ಪಗಿದ್ದರೆ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತೇವೆ. ನಮ್ಮ ಪಕ್ಕದ ಮನೆಯಲ್ಲೇ ಸುಡಾನಿನ ತಾಯಿ ಮಗಳು ಇದ್ದರು. ಅವರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ, ದೊಡ್ಡ ಮನಸ್ಸಿನ ನನಗೂ.

ನಾನು ಮಾಡಿದ್ದೇನು? ಶ್ರೇಯಾಳಿಗೆ ಬಳಿಯಲು ಬಣ್ಣ ಕಲಸಿದೆ. ಸಹಜವಾಗಿ ಕಾಣಲೆಂದು ನಂದಿನಿಯ ಮಣಿಕಟ್ಟಿನ ಮೇಲೆಯೇ ಹಚ್ಚಿ ನೋಡಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಮ್ಯಾಚ್ ಆಯ್ತಾ, ಆಂಟಿ?"

"ಪರ್ಫೆಕ್ಟ್ ಕಣೇ" ಎಂದೆ. ಆ ನಾಲಿಗೆ ಆಗಲೇ ಬಿದ್ದುಹೋಗಬಾರದಿತ್ತೇ?

ಶ್ರೇಯಾಳ ಕನ್ನಡವೋ ತೊದಲು. ಕಡೆಗೆ ಅವಳ ಬಾಯಿಗೆ ನಂದಿನಿಯ ದನಿಯನ್ನೇ ಡಬ್ ಮಾಡಿದೆವು. ಚಿತ್ರದ ಕೊನೆಯಲ್ಲಿ ಬಂದ ಹೆಸರುಗಳಲ್ಲಿ ಶೂಟಿಂಗಿಗೆ ಇಡ್ಲಿ ತಂದುಕೊಟ್ಟವರೂ ಇದ್ದರು, ನಂದಿನಿ ಇರಲಿಲ್ಲ. ಈಗ ಅವಳು ಅಡಿಲೇಡಿನಲ್ಲಿದ್ದಾಳೆ. ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಆ ಚಿತ್ರವಿದ್ದ ಪೆನ್‌ಡ್ರೈವ್ ಬೇಕೆಂದು ಬೆಳಿಗ್ಗೆ ಕೇಳಿದ್ದವರು ರಮೇಶ್ ಅಂಕಲ್ಲೇ. ಡಬ್ಬಿಯ ಅಡಿಯಲ್ಲೇ ಅದೂ ಇತ್ತು. ಫೋನ್ ಮಾಡಿದೆ.

"ಸಿಕ್ತಾ? ಮತ್ತೆ ತೋರ್ಸೋಣಮ್ಮಾ. ಕಪ್ಪು ಹೆಂಗಸರ ಬಗ್ಗೆ ನೀನೂ ನಾಲ್ಕು ಮಾತಾಡ್ಬಿಡು."

"ತೋರ್ಸಿ ಅಂಕಲ್. ಆದ್ರೆ ದನಿ ತೆಗೆದ್ಬಿಟ್ಟು ತೋರ್ಸಿ. ಅದು ನಂದಿನೀದು."

"ದನಿ ತೆಗೆದ್ರೆ ಇನ್ನೇನು ಉಳಿಯುತ್ತೆ?"

"ನಾನು ಬಳಿದ ಬಣ್ಣ."