ಲಕ್ಕಿ ಸೊಪ್ಪಿನ ನೀರು

ಇವತ್ತು ಬೆಳಿಗ್ಗೆ ಯಗಚಿ ಹೊಳೆಯ ದಂಡೆಯ ಕಡೆ ವಾಕಿಂಗ್ ಹೋದವಳು ಲಕ್ಕಿ ಗಿಡದ ಒಂದು ಎಲೆ ಕಿತ್ತು ಸುಮ್ಮನೆ ಹೊಸಕಿದೆ. ನಿಮಗೂ ಗೊತ್ತಿರಬಹುದು ಆ ವಾಸನೆ. ಒಂದಿಷ್ಟು ಮೆಣಸಿನ ಘಾಟು, ಒಂದಿಷ್ಟು ಕರ್ಪೂರ, ಕೊನೆಗೆ ಕಹಿ. ಸುವಾಸನೆ ಎಂದು ಯಾರೂ ಮೆಚ್ಚಿಕೊಳ್ಳುವಂಥದ್ದಲ್ಲ. ನನಗೆ ಮಾತ್ರ ನಿಂತಲ್ಲೇ ಬೆನ್ನು ಬೆಚ್ಚಗಾದಂತಾಯಿತು.

ನಿವೃತ್ತಿಯಾಗುವವರೆಗೂ ಬೇಲೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಇಲ್ಲ, ಅದೊಂದು ಅನುಕೂಲ. ಲಕ್ಕಿಯ ಎಲೆಯಲ್ಲಿ ಸ್ಯಾಬಿನೀನ್ ಎಂಬ ಘಾಟಿನ ತೈಲಾಂಶ ಇದೆ, ಕಾಳುಮೆಣಸಿನಲ್ಲೂ ಲವಂಗದಲ್ಲೂ ಸಿಗುವ ಕ್ಯಾರಿಯೋಫಿಲೀನ್ ಇದೆ. ಅದರ ಪುಟ್ಟ ನೀಲಿ ಹೂವಿನಲ್ಲೂ ಇಂಥವೇ ಇವೆ, ಬೆರೆತ ಪ್ರಮಾಣ ಬೇರೆ. ಅದಕ್ಕೇ ಎಲೆಯ ವಾಸನೆಯೇ ಬೇರೆ, ಹೂವಿನದೇ ಬೇರೆ. ಇದನ್ನೆಲ್ಲ ಗೆಂಡೆಹಳ್ಳಿಯಲ್ಲಿದ್ದ ನಮ್ಮಕ್ಕನಿಗೂ ಪಾಠ ಮಾಡಿದ್ದೇನೆ, ಅವಳ ಬಚ್ಚಲಲ್ಲಿ ಕೂತು.

ಅಕ್ಕ ಊರಿನ ಬಾಣಂತಿಯರಿಗೆಲ್ಲ ನೀರು ಹುಯ್ಯುತ್ತಿದ್ದವಳು. ಹಂಡೆಗೆ ಲಕ್ಕಿ ಸೊಪ್ಪು ತುಂಬಿ, ಮುಚ್ಚಳ ಮುಚ್ಚಿ, ಚೆನ್ನಾಗಿ ಕುದಿಸಿ, ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ ಚೊಂಬಿನಲ್ಲಿ ಮೇಲಿನಿಂದ ಸುರಿಯುವಳು. ಆ ನೀರು ಹೆತ್ತ ಹೆಂಗಸರಿಗೆ ಮಾತ್ರ ಎಂಬುದು ಊರಿನ ಲೆಕ್ಕ. ಲ್ಯಾಬಿನಲ್ಲಿ ನಿಂತೂ ನಿಂತೂ ನನ್ನ ಸೊಂಟ ಹಿಡಿದುಕೊಂಡಾಗ ಅಕ್ಕ ನನ್ನನ್ನೂ ಅದೇ ಮಣೆಯ ಮೇಲೆ ಕೂರಿಸಿದಳು. ಪಕ್ಕದ ಮನೆಯಾಕೆ ಇಣುಕಿ ನೋಡಿ, "ಏನ್ ನಂಜಮ್ಮಾ, ಹೆರದೇ ಇದ್ದೋಳ್ಗೂ ಬಾಣಂತಿ ನೀರಾ?" ಎಂದು ನಕ್ಕಳು.

"ಇವ್ಳು ವರ್ಸಾ ವರ್ಸಾ ನೂರಾರು ಮಕ್ಳುನ್ನ ಪಾಸ್ ಮಾಡಿಸ್ತಾಳೆ ಕಣೇ. ಸೊಂಟ ನೋಯ್ದೆ ಇರ್ತೈತಾ?" ಎಂದಳು ಅಕ್ಕ.

ನನಗೋ ನಾಲಿಗೆ ತುರಿಕೆ. "ಅಕ್ಕ, ಈ ವಾಸನೆ ಇದೆಯಲ್ಲ, ಇದು ಕ್ಯಾರಿಯೋಫಿಲೀನ್" ಎಂದು ಶುರು ಮಾಡಿದೆ.

"ಇರ್ಲಿ, ಬಗ್ಗು. ಅದ್ಕೂ ವಸಿ ಬಿಸ್ನೀರು ಹುಯ್ತೀನಿ."

ಆಮೇಲೆ ಸೊಂಟ ನೋಯದಿದ್ದರೂ ನೋಯುತ್ತದೆ ಎಂದುಕೊಂಡು ಗೆಂಡೆಹಳ್ಳಿ ಬಸ್ಸು ಹತ್ತುತ್ತಿದ್ದೆ. ಅಕ್ಕನಿಗೂ ಅದು ಗೊತ್ತಿತ್ತು, ಕೇಳುತ್ತಿರಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ಅಲ್ಲಿಂದೀಚೆಗೆ ನನ್ನ ಬೆನ್ನನ್ನು ಯಾರೂ ಮುಟ್ಟಿಲ್ಲ. ಇಷ್ಟು ವಯಸ್ಸಾದವಳು ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಆದರೂ ನಿಮಗೆ ಹೇಳುತ್ತಿದ್ದೇನೆ.

ಒಂದು ತೆಕ್ಕೆ ಸೊಪ್ಪು ಮುರಿದುಕೊಂಡು ಮನೆಗೆ ಬಂದೆ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಸೊಪ್ಪು ಹಾಕಿ ಗ್ಯಾಸ್ ಹಚ್ಚಿದೆ. ಹಬೆ ಏಳುತ್ತಲೇ ಅಕ್ಕನ ಬಚ್ಚಲು ಕಣ್ಣ ಮುಂದೆ ಬಂದು ನಿಂತಿತು. ಮುಖವೊಡ್ಡಿಕೊಂಡು ನಿಂತವಳಿಗೆ ಮುಚ್ಚಳ ಮುಚ್ಚಬೇಕೆಂಬುದೇ ಮರೆತುಹೋಯಿತು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಗಂಧವೆಲ್ಲ ಹಬೆಯ ಜೊತೆ ಹಾರಿಹೋಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ! ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ, ನೋಡಿ. ನೀರಲ್ಲಿ ಇರಬೇಕಾದದ್ದು ಕಿಟಕಿಯಿಂದ ಬೀದಿಗೆ ಹೋಯಿತು.

ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ಸವಿತಾ. ಹಗರೆ ಕಡೆಯ ಹುಡುಗಿ, ಬಾಡಿಗೆಗೆ ಬಂದು ವರ್ಷವಾದರೂ ನಮ್ಮಿಬ್ಬರಲ್ಲಿ ನಡೆದದ್ದು ನೀರು ಬಂತಾ, ಕರೆಂಟು ಹೋಯ್ತಾ ಎನ್ನುವಷ್ಟು ಮಾತು.

"ಮೇಡಮ್, ನಮ್ಮನೆ ತುಂಬ ಲಕ್ಕಿ ಸೊಪ್ಪಿನ ವಾಸ್ನೆ. ಯಾರು ಬಾಣಂತಿ ಬಂದವ್ರೆ?"

"ಯಾರೂ ಇಲ್ಲಮ್ಮ. ನನಗೇ. ಸೊಂಟನೋವು."

"ಒಬ್ರೇ ಹೆಂಗ್ ಹುಯ್ಕೊತೀರಾ? ಬೆನ್ಗೆ ಕೈ ಎಟ್ಕುತ್ತಾ?"

ಪರವಾಗಿಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ ಹೋದಮೇಲೆ ಕೇಳಿದವರಿಗೆಲ್ಲ ನಾನು ಕೊಟ್ಟದ್ದು ಅದೊಂದೇ ಉತ್ತರ.

"ಎಟುಕೋದಿಲ್ಲ ಕಣಮ್ಮ," ಎಂದೆ.

ಆಕೆ ದುಪಟ್ಟ ಸೊಂಟಕ್ಕೆ ಬಿಗಿದು ಬಚ್ಚಲಿಗೆ ಬಂದಳು. ಸುಟ್ಟೀತೆಂದು ಹೆದರಿ ತಣ್ಣೀರು ಹೆಚ್ಚೇ ಬೆರೆಸಿ, ಮೆಲ್ಲಗೆ, ಒಂದೊಂದೇ ಚೊಂಬು ಹುಯ್ದಳು. ನೀರಿನಲ್ಲಿ ವಾಸನೆ ಅಷ್ಟಕ್ಕಷ್ಟೆ. ಕೈಯೂ ಅಕ್ಕನದಲ್ಲ. ನನಗೆ ಅಳು ಬಂತು. ಬೆನ್ನು ಮಾಡಿ ಕೂತಿದ್ದರಿಂದ ಆಕೆಗೆ ಕಾಣಲಿಲ್ಲ.

"ಸಾಕಾ ಮೇಡಮ್?"

"ಇಲ್ಲ," ಎಂದೆ. "ಇನ್ನೂ ಹುಯ್ಯಿ."